ತೀರಿಕೊಂಡವರ ಮೈಲು, ಪಾಯಿಂಟುಗಳು ಯಾರಿಗೆ?

ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟು, ವಿಮಾನ ಕಂಪನಿ ಪ್ರಯಾಣಿಕರ ಖಾತೆಗೆ ಜಮಾ ಮಾಡುವ 'ಮೈಲು' ಎಂಬ ಪಾಯಿಂಟು, ಹೋಟೆಲ್ ಸರಣಿಯ ಪಾಯಿಂಟು, ಇವನ್ನೆಲ್ಲ ಉಯಿಲಿನಲ್ಲಿ ಮಕ್ಕಳ ಹೆಸರಿಗೆ ಬರೆಯಬಹುದೇ? ಬರೆಯಬಹುದು, ಯಾರೂ ತಡೆಯುವುದಿಲ್ಲ. ಬರೆದ ಹಾಗೆ ಅವರಿಗೆ ಸೇರುತ್ತವೆಯೇ? ಅದು ಉಯಿಲು ಬರೆದವರ ಕೈಯಲ್ಲಿಲ್ಲ. ಬಹುಮಟ್ಟಿಗೆ ನ್ಯಾಯಾಲಯದ ಕೈಯಲ್ಲೂ ಇಲ್ಲ. ಪಾಯಿಂಟು ಕೊಟ್ಟ ಕಂಪನಿಯ ಷರತ್ತುಗಳ ಪುಟದಲ್ಲಿದೆ. ಮನೆ, ಸೈಟು, ಒಡವೆ, ಠೇವಣಿಗಳ ವಿಷಯದಲ್ಲಿ ನಮಗೆ ರೂಢಿಯಾಗಿರುವ ಲೆಕ್ಕಾಚಾರವನ್ನೇ ಇಲ್ಲಿಗೂ ತಂದರೆ ಎಡವುತ್ತೇವೆ.

ಇದೇನು ಅಂಥ ದೊಡ್ಡ ಮೊತ್ತವೇ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಒಬ್ಬರ ಕಾರ್ಡಿನಲ್ಲಿ 2,40,000 ಪಾಯಿಂಟುಗಳಿವೆ ಎಂದುಕೊಳ್ಳಿ. ಮೇಲ್ದರ್ಜೆಯ ಕಾರ್ಡಾದರೆ ಬ್ಯಾಂಕಿನದೇ ಪ್ರಯಾಣದ ಪೋರ್ಟಲ್‌ನಲ್ಲಿ ವಿಮಾನದ ಟಿಕೆಟ್‌ಗೆ ಬಳಸುವಾಗ ಒಂದು ಪಾಯಿಂಟಿಗೆ ಒಂದು ರೂಪಾಯಿಯಂತೆ 2,40,000 ರೂಪಾಯಿ ಆಗಬಹುದು. ಅದನ್ನೇ ಬಿಲ್ಲಿಗೆ ನಗದಾಗಿ ಮುರಿಸಿಕೊಂಡರೆ, ಪಾಯಿಂಟಿಗೆ 30 ಪೈಸೆಯ ದರದಲ್ಲಿ, 72,000 ರೂಪಾಯಿ. ಕಾರ್ಡುದಾರರು ತೀರಿಕೊಂಡು, ಮಗನೋ ಮಗಳೋ ಬ್ಯಾಂಕಿಗೆ ಹೋಗಿ 'ಈ ಕಾರ್ಡ್ ಕ್ಲೋಸ್ ಮಾಡಿ' ಎಂದು ಒಂದು ಅರ್ಜಿ ಕೊಟ್ಟು ಬಂದರೆ ಸೊನ್ನೆ. ಪಾಯಿಂಟುಗಳು ಅವೇ, ಬೆಲೆ ಮೂರು. ಯಾವುದು ಸಿಗುತ್ತದೆ ಎಂಬುದು ಯಾರು, ಯಾವಾಗ, ಯಾವ ಕ್ರಮದಲ್ಲಿ ಕೆಲಸ ಮಾಡಿದರು ಎಂಬುದರ ಮೇಲೆ ನಿಂತಿದೆ.

ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಈ ಲೆಕ್ಕ ಒಂದು ಸಣ್ಣ ಪಟ್ಟಿಯಲ್ಲಿ ಇರುತ್ತದೆ: ಆರಂಭದ ಶಿಲ್ಕು, ಈ ತಿಂಗಳು ಬಂದದ್ದು, ಬಳಸಿದ್ದು, ಅವಧಿ ಮುಗಿದು ಹೋದದ್ದು, ಉಳಿದದ್ದು. ಹಲವು ಬ್ಯಾಂಕುಗಳು ಅದರ ಕೆಳಗೇ ಮುಂದಿನ 30 ಮತ್ತು 60 ದಿನಗಳಲ್ಲಿ ಎಷ್ಟು ಪಾಯಿಂಟು ಸತ್ತುಹೋಗುತ್ತವೆ ಎಂದೂ ಮುದ್ರಿಸುತ್ತವೆ. ಕಟ್ಟಬೇಕಾದ ಮೊತ್ತ ಮತ್ತು ಕೊನೆಯ ದಿನಾಂಕ ನೋಡಿ ಕಾಗದ ಮಡಚಿಡುವುದು ನಮ್ಮ ಅಭ್ಯಾಸ. ಆ ಪಟ್ಟಿಯನ್ನು ಓದುವವರು ಕಡಿಮೆ.

ಆಸ್ತಿಯಲ್ಲ, ಕರಾರು

ಬ್ಯಾಂಕಿನ ಠೇವಣಿ ನಿಮ್ಮ ಹಣ. ಬ್ಯಾಂಕು ನಿಮಗೆ ಸಾಲಗಾರ. ನೀವು ಹೋದ ಮೇಲೆ ಆ ಸಾಲವನ್ನು ವಸೂಲು ಮಾಡುವ ಹಕ್ಕು ವಾರಸುದಾರರಿಗೆ ಬರುತ್ತದೆ. ಪಾಯಿಂಟು ಹಾಗಲ್ಲ. ಬಹುತೇಕ ಎಲ್ಲ ವಿಮಾನ ಕಂಪನಿಗಳ ಷರತ್ತುಗಳಲ್ಲೂ ಒಂದು ವಾಕ್ಯ ಇದ್ದೇ ಇರುತ್ತದೆ: ಮೈಲುಗಳು ಸದಸ್ಯರ ಆಸ್ತಿಯಲ್ಲ. ಸದಸ್ಯರಿಗೆ ಇರುವುದು ಅವನ್ನು ಬಳಸಿಕೊಳ್ಳುವ ಅನುಮತಿ ಮಾತ್ರ, ಅದನ್ನು ಬದಲಿಸುವ, ಕಡಿತಗೊಳಿಸುವ, ಹಿಂದಕ್ಕೆ ಪಡೆಯುವ ಅಧಿಕಾರವನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಾಗಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಾಗಲಿ ಹಂಚುವುದು ಮೃತರ ಆಸ್ತಿಯನ್ನು. ಆಸ್ತಿಯೇ ಅಲ್ಲ ಎಂದು ಕರಾರಿನಲ್ಲಿ ಬರೆದು ಒಪ್ಪಿಕೊಂಡದ್ದನ್ನು ಹಂಚಲು ಈ ಕಾಯ್ದೆಗಳಿಗೆ ಹಿಡಿತ ಸಿಗುವುದು ಕಷ್ಟ.

ಕರಾರಿನ ಬಲ ಎಷ್ಟೆಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಒಳ್ಳೆಯ ಉದಾಹರಣೆ. ನಾರ್ತ್‌ವೆಸ್ಟ್ ಏರ್‌ಲೈನ್ಸ್ 2008ರಲ್ಲಿ ಗಿನ್ಸ್‌ಬರ್ಗ್ ಎಂಬ ಯಹೂದಿ ಧರ್ಮಗುರುವಿನ ಮೈಲು ಯೋಜನೆಯ ಸದಸ್ಯತ್ವವನ್ನು ರದ್ದು ಮಾಡಿತು. ಅವರು ಪದೇಪದೇ ದೂರು ಕೊಟ್ಟು ಯೋಜನೆಯನ್ನು ದುರುಪಯೋಗ ಮಾಡಿಕೊಂಡರು ಎಂಬುದು ಕಂಪನಿಯ ವಾದ. ಕಂಪನಿ ಸದ್ಭಾವನೆಯಿಂದ ನಡೆದುಕೊಳ್ಳಲಿಲ್ಲ ಎಂದು ಅವರು ಹೂಡಿದ ದಾವೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1978ರ ವಿಮಾನಯಾನ ಕಾಯ್ದೆ ಅಂಥ ವಾದಕ್ಕೆ ಅವಕಾಶ ಕೊಡುವುದಿಲ್ಲ ಎಂದು 2014ರಲ್ಲಿ ನ್ಯಾಯಾಲಯ ಒಮ್ಮತದಿಂದ ತೀರ್ಪು ಕೊಟ್ಟಿತು. ಬದುಕಿರುವ ಸದಸ್ಯರ ಗತಿಯೇ ಷರತ್ತಿನ ಪುಟವನ್ನು ನೆಚ್ಚಿಕೊಂಡಿರುವಾಗ, ಸತ್ತವರ ಪರವಾಗಿ ಬಂದವರ ಗತಿ ಅದಕ್ಕಿಂತ ಉತ್ತಮವಾಗಿರಲಾರದು.

ನಾಮಿನಿ ಎಂಬ ದಾರಿಯೂ ಇಲ್ಲಿಲ್ಲ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಮೃತರ ಠೇವಣಿ ಮತ್ತು ಲಾಕರಿನ ಕ್ಲೇಮನ್ನು ಕಾಗದಪತ್ರ ಪೂರ್ತಿ ಕೈಸೇರಿದ 15 ದಿನಗಳೊಳಗೆ ತೀರಿಸಬೇಕೆಂದು ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನವೂ ಇದೆ. ಇವೆರಡೂ ಠೇವಣಿ, ಲಾಕರುಗಳ ಮಾತು. ಕಾರ್ಡಿನ ಪಾಯಿಂಟಿಗೆ ಇವು ಅನ್ವಯಿಸುವುದಿಲ್ಲ. ವಿಮಾನ ಕಂಪನಿಗಳಲ್ಲಿ 'ನಾಮಿನಿ' ಎಂಬ ಪಟ್ಟಿ ಕಂಡರೆ ಮೋಸಹೋಗಬೇಡಿ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಐವರು ನಾಮಿನಿಗಳನ್ನು ಸೇರಿಸಬಹುದು. ಆದರೆ ಅವರು ನಿಮ್ಮ ಮೈಲುಗಳಲ್ಲಿ ನೀವು ಟಿಕೆಟ್ ತೆಗೆದುಕೊಡಬಹುದಾದ ಜನ, ನಿಮ್ಮ ನಂತರ ಮೈಲು ಪಡೆಯುವವರಲ್ಲ. ಅದೇ ಯೋಜನೆಯಲ್ಲಿ ಸದಸ್ಯರು ತೀರಿಕೊಂಡರೆ ಖಾತೆ ಮುಚ್ಚಿ, ಉಳಿದ ಮೈಲುಗಳನ್ನು ರದ್ದು ಮಾಡುತ್ತಾರೆ.

ಕಂಪನಿಗೊಂದು ನೀತಿ

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಅಲ್ಲಿನ ಕಂಪನಿಗಳ ಮೈಲು ಅಪ್ಪ ಅಮ್ಮನ ಹೆಸರಿನಲ್ಲೂ ಸೇರಿರುತ್ತದೆ. ಅಲ್ಲಿ ಎರಡು ಬಗೆಯ ನೀತಿಗಳಿವೆ. ಡೆಲ್ಟಾದ ಷರತ್ತು ಕಡ್ಡಿ ತುಂಡು ಮಾಡಿದಂತೆ ಹೇಳುತ್ತದೆ: ಸಾವು, ವಿಚ್ಛೇದನ, ಕಾನೂನು ಪ್ರಕ್ರಿಯೆ, ಯಾವ ಕಾರಣಕ್ಕೂ ಮೈಲು ಬೇರೊಬ್ಬರಿಗೆ ಹೋಗುವುದಿಲ್ಲ. ಸೌತ್‌ವೆಸ್ಟ್‌ನಲ್ಲೂ ಉಯಿಲಿನ ಮೂಲಕ ಪಾಯಿಂಟು ಕೊಡುವಂತಿಲ್ಲ. 1981ರಲ್ಲಿ ತನ್ನ ಮೈಲು ಯೋಜನೆ ಆರಂಭಿಸಿದ ಅಮೆರಿಕನ್ ಏರ್‌ಲೈನ್ಸ್ ಎರಡನೆಯ ಬಗೆಯದು. ಅದರ ಷರತ್ತಿನಲ್ಲೂ ಮೈಲು ವರ್ಗಾವಣೆ ಇಲ್ಲವೆಂದೇ ಮೊದಲು ಹೇಳಿ, ಆಮೇಲೆ ಒಂದು ಬಾಗಿಲನ್ನು ಸ್ವಲ್ಪ ತೆರೆದಿಡುತ್ತಾರೆ: ನ್ಯಾಯಾಲಯ ಒಪ್ಪಿದ ಉಯಿಲಿನಲ್ಲಿ ನಿರ್ದಿಷ್ಟವಾಗಿ ಹೆಸರಿಸಿದ ವ್ಯಕ್ತಿಗೆ, ತಮಗೆ ತೃಪ್ತಿಯಾಗುವ ದಾಖಲೆ ಕೊಟ್ಟರೆ, ತಮ್ಮ ವಿವೇಚನೆಯಂತೆ ಮೈಲು ಜಮಾ ಮಾಡಬಹುದು. 'ನಿರ್ದಿಷ್ಟವಾಗಿ ಹೆಸರಿಸಿದ' ಎಂಬಲ್ಲಿ ಗಮನ ಇಡಿ. 'ನನ್ನ ಸಮಸ್ತ ಚರ ಸ್ವತ್ತುಗಳು ನನ್ನ ಮಕ್ಕಳಿಗೆ' ಎಂಬ ನಮ್ಮ ರೂಢಿಯ ಸಾಲು ಇಲ್ಲಿ ಸಾಲುವುದಿಲ್ಲ.

ಹೋಟೆಲ್ ಸರಣಿಗಳು ಒಟ್ಟಾರೆ ಸ್ವಲ್ಪ ಉದಾರ. ಆದರೆ ಅಲ್ಲಿ ಗಡುವಿನ ಕಾಟ. ಸಾವಿನ ನಂತರ ಒಂದು ವರ್ಷದೊಳಗೆ ಕೇಳಬೇಕು, ಒಬ್ಬರಿಗೆ ಮಾತ್ರ ಕೊಡುತ್ತೇವೆ, ಆ ಒಬ್ಬರು ಮೃತರ ವಿಳಾಸದಲ್ಲೇ ಇರುವವರಾಗಿರಬೇಕು, ಇಂಥ ಷರತ್ತುಗಳು ಬರುತ್ತವೆ. ಅಮ್ಮ ಮೈಸೂರಿನಲ್ಲಿ, ಅಪ್ಪನ ಹೋಟೆಲ್ ಖಾತೆಯಲ್ಲಿ ಮಗಳ ನ್ಯೂಜೆರ್ಸಿ ವಿಳಾಸ ಎಂದಾದರೆ ಹೆಂಡತಿಯೇ ಅರ್ಹಳಲ್ಲ ಎಂಬ ವಿಚಿತ್ರ ಸ್ಥಿತಿ ಬರುತ್ತದೆ. ಇದನ್ನು ತಪ್ಪಿಸಲು ಇವತ್ತೇ ಲಾಗಿನ್ ಆಗಿ ವಿಳಾಸ ಸರಿಮಾಡಿದರೆ ಸಾಕು. ಐದು ನಿಮಿಷದ ಕೆಲಸ.

ನಮ್ಮಲ್ಲಿನ ಯೋಜನೆಗಳದು ಇನ್ನೊಂದು ತೊಡಕು, ಅವುಗಳ ರೂಪವೇ ಬದಲಾಗುತ್ತಿರುತ್ತದೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದರೂ ಅದರ ಮೈಲು ಯೋಜನೆ ಬೇರೆ ಕಂಪನಿಯಾಗಿದ್ದುದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರಾ 2024ರ ನವೆಂಬರ್‌ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಕ್ಲಬ್ ವಿಸ್ತಾರಾದ ಪಾಯಿಂಟುಗಳು ಇಂದಿನ ಮಹಾರಾಜಾ ಕ್ಲಬ್‌ಗೆ ಹೋದವು. ಐದು ವರ್ಷ ಹಿಂದೆ ಬರೆದ ಉಯಿಲಿನಲ್ಲಿ 'ಕ್ಲಬ್ ವಿಸ್ತಾರಾ' ಎಂದಿದ್ದರೆ ಇಂದು ಆ ಹೆಸರಿನ ಯೋಜನೆಯೇ ಇಲ್ಲ. ಆದ್ದರಿಂದ ಯೋಜನೆಯ ಹೆಸರಿನ ಪಟ್ಟಿ ಉಯಿಲಿನ ಒಳಗಲ್ಲ, ಅದರ ಜೊತೆ ಇಡುವ ಬೇರೆ ಹಾಳೆಯಲ್ಲಿ ಇರಬೇಕು.

ಸಾವಿನ ನಂತರ: ಕ್ರಮ ತಪ್ಪಿದರೆ ಎಲ್ಲ ತಪ್ಪಿತು

ಹೆಚ್ಚಿನ ನಷ್ಟ ಆಗುವುದು ಇಲ್ಲಿ. ಮನೆಯವರು ಮೊದಲು ಮಾಡುವ ಕೆಲಸ ಕಾರ್ಡ್ ಮುಚ್ಚಿಸುವುದು ಮತ್ತು ಸಿಮ್ ನಿಲ್ಲಿಸುವುದು. ಎರಡೂ ಸದುದ್ದೇಶದ ಕೆಲಸಗಳು, ಎರಡೂ ಬಾಗಿಲು ಮುಚ್ಚುವ ಕೆಲಸಗಳು.

ಮೊದಲು ಸಿಮ್ ವಿಚಾರ. ಒಟಿಪಿ ಬರುವುದು ಆ ನಂಬರಿಗೆ. ಪ್ರೀಪೇಯ್ಡ್ ನಂಬರಿನಲ್ಲಿ 90 ದಿನ ಕರೆ, ಸಂದೇಶ, ಡೇಟಾ ಯಾವುದೂ ಬಳಕೆಯಾಗದೆ, ಬಾಕಿಯೂ 20 ರೂಪಾಯಿಗಿಂತ ಕಡಿಮೆ ಇದ್ದರೆ ಕಂಪನಿ ನಂಬರನ್ನು ಬಂದ್ ಮಾಡಬಹುದು. ಆಮೇಲೆ ಅದು ಯಾರೋ ಅಪರಿಚಿತರಿಗೆ ಹೋಗುತ್ತದೆ, ಅವರ ಫೋನಿಗೆ ಮೃತರ ಬ್ಯಾಂಕಿನ ಸಂದೇಶಗಳು ಬರಲು ಶುರುವಾಗುತ್ತವೆ. ಸರಿಯಾದ ದಾರಿ ಎಂದರೆ ಮರಣ ಪ್ರಮಾಣಪತ್ರ ಮತ್ತು ನಿಮ್ಮ ಆಧಾರ್ ಹಿಡಿದು ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ ನಂಬರನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದು. ಕನಿಷ್ಠ ಒಂದು ವರ್ಷ ಅದನ್ನು ಉಳಿಸಿಕೊಳ್ಳಿ.

ಇನ್ನು ಕಾರ್ಡು. ಬ್ಯಾಂಕಿಗೆ ತಿಳಿಸುವುದನ್ನು ಮುಂದಕ್ಕೆ ಹಾಕಬೇಡಿ, ಬಡ್ಡಿ ಮತ್ತು ತಡಪಾವತಿ ಶುಲ್ಕ ಓಡುತ್ತಿರುತ್ತವೆ. ಆದರೆ ಮೊದಲ ಪತ್ರದಲ್ಲೇ 'ಕ್ಲೋಸ್ ಮಾಡಿ' ಎಂದು ಬರೆಯಬೇಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬಾಕಿ ತೀರಿದ ಮೇಲೆ ಮುಚ್ಚುವ ಕೋರಿಕೆಯನ್ನು ಏಳು ಕೆಲಸದ ದಿನಗಳಲ್ಲಿ ಪೂರೈಸಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕು. ಅಂದರೆ ಬ್ಯಾಂಕು ಈ ಕೆಲಸವನ್ನು ಬೇಗ ಮಾಡಿ ಮುಗಿಸುತ್ತದೆ, ಪಾಯಿಂಟುಗಳೂ ಅದರೊಂದಿಗೆ ಹೋಗುತ್ತವೆ. ಮೊದಲ ಪತ್ರದಲ್ಲಿ ಇರಬೇಕಾದ್ದು ಇಷ್ಟು: ಕಾರ್ಡುದಾರರು ಇಂಥ ದಿನ ತೀರಿಕೊಂಡಿದ್ದಾರೆ, ಹೊಸ ವ್ಯವಹಾರ ನಡೆಯದಂತೆ ಕಾರ್ಡನ್ನು ತಡೆಹಿಡಿಯಿರಿ, ಸಾವಿನ ದಿನದವರೆಗಿನ ಬಾಕಿ ಮತ್ತು ಪಾಯಿಂಟಿನ ಲೆಕ್ಕ ಕೊಡಿ, ಆ ಪಾಯಿಂಟುಗಳನ್ನು ಬಾಕಿಗೆ ವಜಾ ಮಾಡಿಕೊಳ್ಳಿ ಅಥವಾ ವಾರಸುದಾರರಿಗೆ ಕೊಡುವ ನಿಯಮವಿದ್ದರೆ ಲಿಖಿತವಾಗಿ ತಿಳಿಸಿ, ಕಾರ್ಡಿನ ಮೇಲೆ ಅಪಘಾತ ವಿಮೆ ಇದ್ದರೆ ಅದರ ವಿವರ ಮತ್ತು ಕ್ಲೇಮ್ ಅರ್ಜಿ ಕೊಡಿ. ಒಪ್ಪುವುದು ಬಿಡುವುದು ಬ್ಯಾಂಕಿನ ಇಷ್ಟ. ಕೇಳದಿದ್ದರೆ ಮಾತ್ರ ಖಂಡಿತ ಸಿಗದು.

ಮನೆಯವರ ಕೈಯಲ್ಲಿ ಆಡ್‌-ಆನ್ ಕಾರ್ಡ್ ಇದ್ದರೆ ಅಂದಿನಿಂದಲೇ ಅದನ್ನು ಉಜ್ಜುವುದು ನಿಲ್ಲಿಸಿ. ಅದು ಮೃತರ ಖಾತೆಯ ಸಾಲ. ಬಾಕಿಯ ವಿಷಯದಲ್ಲಿ ಇನ್ನೊಂದು ಮಾತು. ವಸೂಲಿಯವರು ಫೋನು ಮಾಡಿ ಮಕ್ಕಳನ್ನು ಒತ್ತಾಯಿಸುವುದುಂಟು. ವಾರಸುದಾರರ ಹೊಣೆ ಮೃತರಿಂದ ತಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಮಗನ ಸಂಬಳದಿಂದ ಅಪ್ಪನ ಕಾರ್ಡು ತೀರಿಸಲೇಬೇಕೆಂಬ ಕಾನೂನಿಲ್ಲ.

ಸಹಬ್ರಾಂಡ್ ಕಾರ್ಡುಗಳಲ್ಲಿ ಲೆಕ್ಕ ಎರಡು ಕಡೆ ಹಂಚಿರುತ್ತದೆ. ವಿಮಾನ ಕಂಪನಿಯ ಜೊತೆಗಿನ ಕಾರ್ಡಿನಲ್ಲಿ ತಿಂಗಳು ತಿಂಗಳು ಗಳಿಸಿದ ಪಾಯಿಂಟು ಬ್ಯಾಂಕಿನಿಂದ ಹೊರಟು ಕಂಪನಿಯ ಖಾತೆಗೆ ಸೇರಿರುತ್ತದೆ. ಕಾರ್ಡ್ ಮುಚ್ಚಿದರೂ ಅಲ್ಲಿಗೆ ಸೇರಿದ್ದು ಅಲ್ಲೇ ಇರುತ್ತದೆ. ಹಾಗಾಗಿ ಬ್ಯಾಂಕಿನವರು 'ಪಾಯಿಂಟು ಸೊನ್ನೆ' ಎಂದರೆ ಅಷ್ಟಕ್ಕೇ ನಂಬಿ ಸುಮ್ಮನಾಗದೆ ವಿಮಾನ ಕಂಪನಿಯ ಖಾತೆಯನ್ನೂ ವಿಚಾರಿಸಬೇಕು.

'ಅಪ್ಪನ ಪಾಸ್‌ವರ್ಡ್ ಗೊತ್ತಿದೆಯಲ್ಲ, ಯಾರಿಗೂ ಹೇಳದೆ ಟಿಕೆಟ್ ತೆಗೆದುಬಿಡೋಣ' ಎಂಬ ಯೋಚನೆ ಬಾರದ ಮನೆಯಿಲ್ಲ. ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ. ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ವಿಧಿಯಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅಣ್ಣ ತಮ್ಮಂದಿರ ನಡುವೆ ಮನಸ್ತಾಪ ಹುಟ್ಟಿದ ದಿನ ಈ ಟಿಕೆಟ್ಟೇ ಪುರಾವೆಯಾಗಿ ಎದುರು ನಿಲ್ಲುತ್ತದೆ. ಅದಕ್ಕೂ ಮೊದಲೇ ಕಂಪನಿಗೆ ಸಾವಿನ ಸುದ್ದಿ ತಲುಪಿದರೆ ಹಾಗೆ ತೆಗೆದ ಟಿಕೆಟ್ ರದ್ದಾಗಬಹುದು, ಅದು ಗೊತ್ತಾಗುವುದು ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲಿ. ಮೃತರೇ ಬದುಕಿದ್ದಾಗ ಬೇರೆಯವರಿಗಾಗಿ ತೆಗೆದಿಟ್ಟ ಟಿಕೆಟ್‌ಗಳ ಮಾತು ಬೇರೆ. ಅವನ್ನು ಗಾಬರಿಯಲ್ಲಿ ರದ್ದು ಮಾಡಬೇಡಿ. ಮೈಲು ವಾಪಸ್ ಹೋಗುವುದು ಮೃತರ ಖಾತೆಗೇ, ಅಲ್ಲಿಂದ ಮತ್ತೆ ಹೊರಬರುವ ಭರವಸೆಯಿಲ್ಲ.

ಇನಿಶಿಯಲ್ಲಿನ ಗೋಳು

ದಾಖಲೆ ತಿರಸ್ಕಾರವಾಗಲು ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ ಕಾರಣ ಹೆಸರು. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಇನಿಶಿಯಲ್ ಮಾಡಿಕೊಳ್ಳುವುದು ಹಳೆ ಮೈಸೂರಿನ ರೂಢಿ. ಮರಣ ಪ್ರಮಾಣಪತ್ರದಲ್ಲಿ 'ಎಸ್. ಕೆ. ನಾಗರಾಜ' ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಅವರು 'ನಾಗರಾಜ ಶಿವಮೊಗ್ಗ ಕೃಷ್ಣಪ್ಪ' ಆಗಿರುತ್ತಾರೆ. ವಿಮಾನ ಕಂಪನಿಯ ಖಾತೆ ಪಾಸ್‌ಪೋರ್ಟಿನಂತೆ ಇದ್ದರೆ ಅಲ್ಲಿ 'ಕೃಷ್ಣಪ್ಪ' ಎಂಬುದು ಮನೆತನದ ಹೆಸರಿನ ಜಾಗಕ್ಕೆ ಬಂದು ಕೂತಿರುತ್ತದೆ. ಹೋಟೆಲ್ ಖಾತೆಯಲ್ಲಿ ಬರೀ 'ನಾಗರಾಜ್ ಎಸ್‌ಕೆ'. ಡಲ್ಲಾಸಿನಲ್ಲೋ ಸಿಂಗಪುರದಲ್ಲೋ ಕುಳಿತು ಈ ಕಾಗದಗಳನ್ನು ನೋಡುವ ಗುಮಾಸ್ತರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು.

ಆದ್ದರಿಂದ ಸಾವನ್ನು ನೋಂದಾಯಿಸುವಾಗಲೇ ಎಚ್ಚರ ಬೇಕು. 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಆಸ್ಪತ್ರೆಯವರು ತುಂಬಿ ಕಳಿಸುವ ನಮೂನೆಯಲ್ಲಿ ಹೆಸರು ಆಧಾರ್‌ನಲ್ಲಿ ಇದ್ದಂತೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸರಿಯಾಗಿದೆಯೇ ಎಂದು ಒಬ್ಬರು ಕಣ್ಣಾರೆ ನೋಡಬೇಕು. ಆಮೇಲೆ ತಿದ್ದುಪಡಿ ಸಾಧ್ಯ, ಆದರೆ ಅಲೆದಾಟ. ಇ-ಜನ್ಮ ವ್ಯವಸ್ಥೆಯ ಪ್ರಮಾಣಪತ್ರದ ಹಲವು ಪ್ರತಿಗಳನ್ನು ಒಮ್ಮೆಲೇ ಪಡೆದುಕೊಳ್ಳಿ. ಹೆಸರು ಹೊಂದದ ಕಡೆ ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್, ಜೊತೆಗೆ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ನಕಲು ಲಗತ್ತಿಸಬೇಕು. ವಾರಸುದಾರರು ಯಾರೆಂದು ತೋರಿಸಲು ನಾಡಕಚೇರಿಯಿಂದ ವಂಶವೃಕ್ಷ ಅಥವಾ ಕುಟುಂಬದ ಜೀವಂತ ಸದಸ್ಯರ ದೃಢೀಕರಣ ಪತ್ರ ಬೇಕಾಗುತ್ತದೆ. ವಿದೇಶಿ ಕಂಪನಿಗಾದರೆ ಇವುಗಳ ಇಂಗ್ಲಿಷ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಿ ಕಳಿಸಿ.

ಉಯಿಲಿನಲ್ಲಿ ಏನು ಬರೆಯಬೇಕು

ಕಂಪನಿ ಒಪ್ಪಿದರೂ ಒಪ್ಪದಿದ್ದರೂ ಒಂದು ಸಾಲು ಬರೆದಿಡುವುದು ಒಳ್ಳೆಯದು. ಒಪ್ಪುವ ಕಂಪನಿಗಳು ಕೇಳುವುದು ಅದನ್ನೇ. ಒಪ್ಪದ ಕಡೆಯೂ, ವಿವೇಚನೆ ಬಳಸಿ ಎಂದು ಮನವಿ ಮಾಡಲು ಅದೊಂದು ಆಧಾರ. ಹೀಗೆ ಬರೆಯಬಹುದು:

'ನನ್ನ ಹೆಸರಿನಲ್ಲಿರುವ ಎಲ್ಲ ವಿಮಾನಯಾನ ಮೈಲುಗಳು, ಹೋಟೆಲ್ ಮತ್ತು ಪ್ರಯಾಣ ಯೋಜನೆಗಳ ಪಾಯಿಂಟುಗಳು, ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ರಿವಾರ್ಡ್ ಪಾಯಿಂಟುಗಳು, ವೋಚರುಗಳು ಹಾಗೂ ವ್ಯಾಲೆಟ್ ಬಾಕಿಗಳು, ಆಯಾ ಯೋಜನೆಯ ನಿಯಮಗಳು ಅವಕಾಶ ಕೊಡುವಷ್ಟರ ಮಟ್ಟಿಗೆ, ನನ್ನ ಮಗಳಾದ ಇಂಥವರಿಗೆ ಸೇರತಕ್ಕದ್ದು. ಅವರು ನನಗಿಂತ ಮೊದಲೇ ತೀರಿಕೊಂಡಿದ್ದಲ್ಲಿ ಇಂಥವರಿಗೆ ಸೇರತಕ್ಕದ್ದು. ಈ ಸಂಬಂಧ ಕಂಪನಿಗಳೊಂದಿಗೆ ಪತ್ರ ವ್ಯವಹಾರ ಮಾಡಲು, ಖಾತೆಗಳ ವಿವರ ಪಡೆಯಲು, ವರ್ಗಾವಣೆ ಕೋರಲು ಈ ಉಯಿಲನ್ನು ಜಾರಿಗೊಳಿಸುವವರಿಗೆ ಪೂರ್ಣ ಅಧಿಕಾರ ಕೊಟ್ಟಿದ್ದೇನೆ.'

ಮಗಳ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಒಬ್ಬರ ಹೆಸರನ್ನೇ ಬರೆಯಿರಿ. ಮೂವರು ಮಕ್ಕಳಿಗೆ ಸಮಪಾಲು ಎಂದರೆ ನ್ಯಾಯವೇನೋ ಹೌದು, ಆದರೆ 90,000 ಮೈಲನ್ನು ಮೂರು ಭಾಗ ಮಾಡಿದರೆ ಯಾರಿಗೂ ಒಂದು ದೂರದ ಟಿಕೆಟ್ ಆಗುವುದಿಲ್ಲ, ಎಷ್ಟೋ ಯೋಜನೆಗಳು ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೊಡುವುದೂ ಇಲ್ಲ. ಉಳಿದವರಿಗೆ ಬೇರೆಡೆ ಸರಿದೂಗಿಸಿ.

ಉಯಿಲು ಕಾಗದದ ಮೇಲೆಯೇ ಇರಬೇಕು. ಬರೆದವರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ಪಾಲು ಪಡೆಯುವವರನ್ನು ಸಾಕ್ಷಿ ಹಾಕಿಸದಿರುವುದು ಕ್ಷೇಮ. ಮಾಹಿತಿ ತಂತ್ರಜ್ಞಾನ ಕಾಯ್ದೆ ಉಯಿಲನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೀಗಾಗಿ ಕಂಪ್ಯೂಟರಿನಲ್ಲಿ ಇ-ಸಹಿ ಹಾಕಿದ ಉಯಿಲು, ವಾಟ್ಸ್ಯಾಪಿನ ಸಂದೇಶ, ಇಮೇಲು ಇವು ನಿಲ್ಲುವುದಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರು ಕಡಿಮೆ. ಈಗಾಗಲೇ ಉಯಿಲು ಇದ್ದರೆ ಪೂರ್ತಿ ಹೊಸದು ಬೇಡ, ಅದೇ ವಿಧಿಯಲ್ಲಿ ಸಾಕ್ಷಿ ಸಹಿತ ಒಂದು ಪೂರಕ ಉಯಿಲು ಸಾಕು. ಮುಖ್ತ್ಯಾರ್ ಪತ್ರ ಕೊಟ್ಟಿದ್ದೇನಲ್ಲ ಎಂದು ಸುಮ್ಮನಿರಬೇಡಿ. ಪತ್ರ ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದರ ಬಲವೂ ಮುಗಿಯುತ್ತದೆ.

ಪಾಸ್‌ವರ್ಡ್‌ಗಳನ್ನು ಉಯಿಲಿನೊಳಗೆ ಬರೆಯುವುದು ದೊಡ್ಡ ತಪ್ಪು. ನೋಂದಾಯಿಸಿದ ಉಯಿಲಿನ ನಕಲು ಬರೆದವರ ಸಾವಿನ ನಂತರ ಬೇರೆಯವರಿಗೂ ಸಿಗುತ್ತದೆ. ಬೇರೆ ಹಾಳೆಯಲ್ಲಿ ಯೋಜನೆಯ ಹೆಸರು, ಸದಸ್ಯ ಸಂಖ್ಯೆ, ಆ ಖಾತೆಯಲ್ಲಿ ಇರುವ ಹೆಸರಿನ ಅಕ್ಷರಕ್ಷರ ರೂಪ, ಜೋಡಿಸಿದ ಇಮೇಲು ಮತ್ತು ಮೊಬೈಲ್, ಅಂದಾಜು ಉಳಿಕೆ, ಅವಧಿ ಮುಗಿಯುವ ತಿಂಗಳು, ಇಷ್ಟು ಇರಲಿ. ಪಾಸ್‌ವರ್ಡಿನ ಜಾಗದಲ್ಲಿ ಅದು ಎಲ್ಲಿದೆ ಎಂಬ ಸೂಚನೆ ಮಾತ್ರ.

ಇಮೇಲಿಗೆ ಬೇರೆಯೇ ಏರ್ಪಾಡು ಇದೆ. ಗೂಗಲ್‌ನ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ 3, 6, 12 ಅಥವಾ 18 ತಿಂಗಳು ಖಾತೆ ಬಳಕೆಯಾಗದಿದ್ದರೆ ನೀವು ಹೆಸರಿಸಿದ ಹತ್ತು ಜನರವರೆಗೆ ಮಾಹಿತಿ ತಲುಪುವಂತೆ ಮಾಡಬಹುದು. ಮೂರು ತಿಂಗಳನ್ನೇ ಆರಿಸಿ, ಹೋಟೆಲುಗಳ ಒಂದು ವರ್ಷದ ಗಡುವಿನ ಮುಂದೆ 18 ತಿಂಗಳಿಗೆ ಅರ್ಥವಿಲ್ಲ. ಐಫೋನ್ ಇದ್ದವರು ಲೆಗಸಿ ಕಾಂಟ್ಯಾಕ್ಟ್, ಅಂದರೆ ತಮ್ಮ ನಂತರ ಖಾತೆ ನೋಡಬಲ್ಲವರ ಹೆಸರು, ಸೇರಿಸಿ, ಅದರ ಕೀಲಿ ಸಂಕೇತವನ್ನು ಮುದ್ರಿಸಿ ಇಡಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಇನ್ನೂ ಮುಖ್ಯ. ಅಲ್ಲಿ 2015ರ ಮಾದರಿ ಕಾಯ್ದೆಯನ್ನು ಅನುಸರಿಸಿ ಬಹುಪಾಲು ರಾಜ್ಯಗಳು ಮಾಡಿಕೊಂಡಿರುವ ಕಾನೂನಿನಲ್ಲಿ ಇಂಥ ಆನ್‌ಲೈನ್ ಸಾಧನದಲ್ಲಿ ನೀವು ಕೊಟ್ಟ ಆದೇಶಕ್ಕೆ ಮೊದಲ ಸ್ಥಾನ, ಉಯಿಲಿಗೆ ಎರಡನೆಯದು, ಕಂಪನಿಯ ಷರತ್ತಿಗೆ ಆಮೇಲಿನದು. ಆದರೆ ಆ ಕಾನೂನು ಕೊಡುವುದು ಖಾತೆಯನ್ನು ನೋಡುವ ಅಧಿಕಾರವನ್ನು. ಮೈಲು ವರ್ಗಾವಣೆ ಇಲ್ಲ ಎಂದ ಡೆಲ್ಟಾದಿಂದ ಮೈಲು ಕೊಡಿಸುವ ಶಕ್ತಿ ಅದಕ್ಕಿಲ್ಲ.

ಇರುವಾಗಲೇ

ಎಪ್ಪತ್ತು ದಾಟಿದವರು ಪಾಯಿಂಟು ಕೂಡಿಡುವುದನ್ನು ನಿಲ್ಲಿಸಬೇಕು ಎಂದು ನೇರವಾಗಿಯೇ ಹೇಳುತ್ತೇನೆ. ಚಿನ್ನದಂತೆ ಪಾಯಿಂಟಿನ ಬೆಲೆ ಏರುವುದಿಲ್ಲ, ಕಂಪನಿಗಳು ದರ ಪರಿಷ್ಕರಿಸಿದಾಗಲೆಲ್ಲ ಇಳಿಯುತ್ತದೆ. ನಮ್ಮ ಬ್ಯಾಂಕುಗಳ ಹಲವು ಕಾರ್ಡುಗಳಲ್ಲಿ ಎರಡು ಮೂರು ವರ್ಷಕ್ಕೆ ಅವಧಿಯೂ ಮುಗಿಯುತ್ತದೆ. ಬಂದ ಬಂದ ಹಾಗೆ ಮಕ್ಕಳ, ಮೊಮ್ಮಕ್ಕಳ ಟಿಕೆಟ್‌ಗೆ ಬಳಸಿ. ಬಳಸಿದ ಪಾಯಿಂಟಿಗೆ ಉಯಿಲು ಬೇಡ, ಉಯಿಲಿಗೆ ನ್ಯಾಯಾಲಯ ಕೊಡುವ ಒಪ್ಪಿಗೆಯಾದ ಪ್ರೊಬೇಟ್ ಬೇಡ, ನೋಟರಿ ಬೇಡ.

ಕುಟುಂಬದ ಖಾತೆಗಳನ್ನು ಒಟ್ಟುಗೂಡಿಸುವ ಸೌಲಭ್ಯ ಈಗ ಹಲವು ಕಡೆ ಇದೆ. ಎಮಿರೇಟ್ಸ್‌ನಲ್ಲಿ ಕುಟುಂಬದ ಯಜಮಾನರ ಜೊತೆ ಎಂಟು ಜನ ಸೇರಬಹುದು, ಯುನೈಟೆಡ್ 2024ರಲ್ಲಿ ಐವರವರೆಗೆ ಮೈಲು ಒಟ್ಟುಗೂಡಿಸಲು ಅವಕಾಶ ಕೊಟ್ಟಿತು, ಏರ್ ಇಂಡಿಯಾದಲ್ಲೂ ಕುಟುಂಬದ ಪೂಲ್ ಇದೆ. ಇಲ್ಲಿ ಗೌರವಕ್ಕೆಂದು ಅಪ್ಪನನ್ನೇ ಯಜಮಾನರಾಗಿ ಹಾಕುತ್ತಾರೆ. ಸಾಮಾನ್ಯವಾಗಿ ಮೈಲು ಬಳಸುವ, ಸದಸ್ಯರನ್ನು ಸೇರಿಸುವ ಅಧಿಕಾರ ಯಜಮಾನರದೇ. ಅವರು ಹೋದರೆ ಇಡೀ ಮನೆಯ ಮೈಲು ಬೀಗ ಹಾಕಿದಂತೆ. ಮನೆಯಲ್ಲಿ ಚಿಕ್ಕ ವಯಸ್ಸಿನ, ವ್ಯವಹಾರ ತಿಳಿದವರನ್ನು ಆ ಜಾಗದಲ್ಲಿ ಇಡಿ. ಬ್ಯಾಂಕಿನ ಪಾಯಿಂಟನ್ನು ವಿಮಾನ ಕಂಪನಿಗೆ ಕಳಿಸಿದರೆ ಹಿಂದಕ್ಕೆ ತರಲಾಗದು ಎಂಬುದನ್ನೂ ನೆನಪಿಡಿ. ಪ್ರಯಾಣದ ದಿನಾಂಕ ಗೊತ್ತಾದ ಮೇಲೆ, ಸೀಟು ಸಿಗುತ್ತದೆಂದು ಕಂಡ ಮೇಲೆಯೇ ಕಳಿಸಿ.

ಪಾಯಿಂಟಿಗಾಗಿ ಇಷ್ಟೆಲ್ಲ ಓಡಾಡುವ ಮನೆಗಳು ಅದೇ ಕಾರ್ಡಿನ ಮೇಲಿರುವ ಅದಕ್ಕಿಂತ ದೊಡ್ಡ ಮೊತ್ತವನ್ನು ಕಾಣದೆ ಬಿಡುತ್ತವೆ. ಅದು ಅಪಘಾತ ವಿಮೆ. ಮೇಲ್ದರ್ಜೆಯ ಕ್ರೆಡಿಟ್ ಕಾರ್ಡುಗಳಲ್ಲಿ ವಿಮಾನ ಅಪಘಾತಕ್ಕೆ ಲಕ್ಷಗಳಿಂದ ಕೋಟಿಯವರೆಗೆ ವಿಮೆ ಉಚಿತವಾಗಿ ಸೇರಿರುತ್ತದೆ, ಕೆಲವದರಲ್ಲಿ ರಸ್ತೆ ಅಪಘಾತಕ್ಕೂ ಇರುತ್ತದೆ. 2018ರ ಆಗಸ್ಟ್ 28ರ ನಂತರ ತೆರೆದ ಜನ್ ಧನ್ ಖಾತೆಯ ರುಪೇ ಕಾರ್ಡಿಗೇ ಎರಡು ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ, ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಕಾರ್ಡಿನಿಂದ ಒಂದಾದರೂ ವ್ಯವಹಾರ ನಡೆದಿರಬೇಕು. ಕ್ರೆಡಿಟ್ ಕಾರ್ಡುಗಳಲ್ಲಿ ಷರತ್ತು ಬೇರೆ ಬೇರೆ. ಟಿಕೆಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕು, ಅಥವಾ ಇಂತಿಷ್ಟು ದಿನಗಳೊಳಗೆ ಕಾರ್ಡ್ ಬಳಕೆಯಾಗಿರಬೇಕು ಎನ್ನುತ್ತಾರೆ. ಕ್ಲೇಮ್ ತಿಳಿಸುವ ಗಡುವು ಬಿಗಿ, ವರ್ಷಗಟ್ಟಲೆ ಕಾಯುವುದಿಲ್ಲ. ಎಫ್‌ಐಆರ್, ಶವಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ಕಾರ್ಡ್ ಬಳಕೆ ತೋರಿಸುವ ಸ್ಟೇಟ್‌ಮೆಂಟ್, ನಾಮಿನಿಯ ಗುರುತಿನ ದಾಖಲೆ ಬೇಕು. ಇಲ್ಲಿ ಮಾತ್ರ ನಾಮಿನಿಗೆ ನಿಜವಾದ ಕೆಲಸವಿದೆ. ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ವಿಮೆಗೆಂದೇ ನಾಮಿನಿ ನಮೂದಿಸುವ ಅರ್ಜಿ ಬೇರೆ ಇರುತ್ತದೆ, ಉಳಿತಾಯ ಖಾತೆಗೆ ಕೊಟ್ಟ ನಾಮಿನಿ ಇದಕ್ಕೆ ತಾನಾಗಿ ಬರುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಅಥವಾ ಕಸ್ಟಮರ್ ಕೇರಿನಲ್ಲಿ ಕೇಳಿ ಈ ವಾರವೇ ತುಂಬಿಸಿ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಅಥವಾ 436 ರೂಪಾಯಿ ಕಡಿತವಾಗಿರುವುದು ಕಂಡರೆ ಅದನ್ನೂ ವಿಚಾರಿಸಿ. ಅವು ಪ್ರಧಾನ ಮಂತ್ರಿಯವರ ಹೆಸರಿನ ಎರಡು ವಿಮೆಗಳ ಕಂತು, ಒಂದೊಂದಕ್ಕೂ ಎರಡು ಲಕ್ಷದ ರಕ್ಷಣೆ.

ಹಾಲಿಡೇ ಕ್ಲಬ್ ಸದಸ್ಯತ್ವ ಪಾಯಿಂಟಿನ ಜಾತಿಗೆ ಸೇರಿದ್ದಲ್ಲ. ಅದು ಲಕ್ಷಗಟ್ಟಲೆ ಕೊಟ್ಟು ಕೊಂಡ, ಹತ್ತು ಇಪ್ಪತ್ತೈದು ವರ್ಷಗಳ ಕರಾರು, ಸಾಮಾನ್ಯವಾಗಿ ವಾರಸುದಾರರ ಹೆಸರಿಗೆ ಆಗುತ್ತದೆ. ಹಕ್ಕಿನ ಜೊತೆ ವರ್ಷವರ್ಷದ ನಿರ್ವಹಣಾ ಶುಲ್ಕವೂ ಬರುತ್ತದೆ. ಹೆಸರು ಬದಲಿಸಿಕೊಳ್ಳುವ ಮೊದಲು ಹಳೆಯ ಬಾಕಿ ಎಷ್ಟು, ಉಳಿದ ವರ್ಷಗಳೆಷ್ಟು, ಮಕ್ಕಳು ನಿಜವಾಗಿ ಹೋಗುತ್ತಾರೆಯೇ ಎಂದು ನೋಡಿ. ಬೇಡವೆನಿಸಿದರೆ ಒಪ್ಪಿಕೊಳ್ಳದಿರುವುದೂ ಒಂದು ನಿರ್ಧಾರ.

ಬ್ಯಾಂಕು ಪತ್ರಕ್ಕೆ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಕಾರಣ ಹೇಳದೆ ನಿರಾಕರಿಸಿದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ನಮ್ಮ ದೇಶದ ವಿಮಾನ ಕಂಪನಿಗಾದರೆ ಏರ್‌ಸೇವಾ ಪೋರ್ಟಲ್ ಇದೆ, ಎರಡಕ್ಕೂ ಗ್ರಾಹಕ ಸಹಾಯವಾಣಿ 1915 ಇದೆ. 'ಪಾಯಿಂಟು ಕೊಡಿಸಿ' ಎಂಬ ಬೇಡಿಕೆಗಿಂತ 'ನಿಮ್ಮದೇ ಷರತ್ತಿನ ಇಂಥ ಕಲಮಿನಂತೆ ನಡೆದುಕೊಂಡಿಲ್ಲ' ಎಂಬ ದೂರಿಗೆ ತೂಕ ಹೆಚ್ಚು. ಅದಕ್ಕಾಗಿ ಸಾವಿನ ದಿನ ಜಾರಿಯಲ್ಲಿದ್ದ ಷರತ್ತಿನ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಕಂಪನಿಗಳು ಆ ಪುಟವನ್ನು ಆಗಾಗ ಬದಲಿಸುತ್ತವೆ. ಅದರ ಜೊತೆ ಆ ತಿಂಗಳ ಸ್ಟೇಟ್‌ಮೆಂಟ್, ನಿಮ್ಮ ಮೊದಲ ಪತ್ರದ ಸ್ವೀಕೃತಿ ಮತ್ತು ದೂರಿನ ಸಂಖ್ಯೆ ಲಗತ್ತಿಸಿ.